ಕನ್ನಡ ಕಲಿತ ಮೇಲೆ ಬೇರು ಬಿಟ್ಟ ಚರ್ಚು

(ಮರಿಯಮ್ಮನಹಳ್ಳಿಯ ಕನ್ನಡ ಯುವಕರ ಸಭೆಯಲ್ಲಿ ಅಚ್ಚುಕೂಟದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ, ಅಚ್ಚುಕೂಟದವನು. ನನ್ನ ಕಸುಬು ಕಲಿಸಿದ ಒಂದು ಮಾತನ್ನು ನಿಮ್ಮ ಮುಂದಿಡುತ್ತೇನೆ.

ಹೊಸ ಧರ್ಮವೊಂದು ಈ ನೆಲದಲ್ಲಿ ಬೇರು ಬಿಡಲು ಏನು ಬೇಕು? ದುಡ್ಡೇ? ದೊರೆಗಳ ಬೆಂಬಲವೇ? ಎರಡೂ ಸಾಲದು. ಕನ್ನಡ ಬೇಕು!

1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಆಳುವವರ ಭಾಷೆ ಇಂಗ್ಲಿಷ್. ಆದರೂ ಅವರು ಕನ್ನಡ ಕಲಿತರು, ಜೊತೆಗಾರರೊಂದಿಗೆ ಬೈಬಲ್ಲನ್ನು ಕನ್ನಡಕ್ಕೆ ತಂದರು. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ ಬಂತು. ಅದರ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದರು. ಕಲ್ಲಚ್ಚಿನಲ್ಲಿ ಶುರುವಾದ ಆ ಪತ್ರಿಕೆ ಮರುವರ್ಷ 'ಕನ್ನಡ ಸಮಾಚಾರ'ವಾಗಿ ಅಚ್ಚುಮೊಳೆಗಳಲ್ಲಿ ಮೂಡಿದ್ದು ಎಲ್ಲಿ ಗೊತ್ತೇ? ನಮ್ಮ ಬಳ್ಳಾರಿಯಲ್ಲಿ!

ಮೊಗ್ಲಿಂಗ್ ಅಷ್ಟಕ್ಕೇ ನಿಲ್ಲಲಿಲ್ಲ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳಿದರು. 1894ರಲ್ಲಿ ಸುಮಾರು 70 ಸಾವಿರ ಪದಗಳ ನಿಘಂಟು ಕೊಟ್ಟರು.

ಅವರು ಬಂದದ್ದು ಮತಪ್ರಚಾರಕ್ಕೆ, ಮುಚ್ಚುಮರೆ ಬೇಡ. ನಮ್ಮ ದೇವರುಗಳನ್ನು ಹಳಿದದ್ದೂ ಉಂಟು. ಆದರೆ ನಮ್ಮ ಹಾಡು, ಕಥೆ, ಮಾತು ಅರಿಯದೆ ನಮ್ಮ ಹೊಸ್ತಿಲು ದಾಟಲಾಗದೆಂದು ಅವರಿಗೆ ತಿಳಿದಿತ್ತು. ನಮ್ಮ ಊರನ್ನೇ ನೋಡಿ. ಎಲ್ಲಮ್ಮನ ಭಕ್ತಿ ಇಲ್ಲಿ ಜೋಗತಿಯರ ಹಾಡು, ಕುಣಿತದಲ್ಲಿ ಬದುಕಿದೆ. ಆ ಕಲೆಗಾಗಿಯೇ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ದೇವರು ಯಾರೇ ಇರಲಿ, ಜನರ ಎದೆಗೆ ದಾರಿ ಜನರ ಭಾಷೆಯೇ.

ಈ ಪಾಠವನ್ನು ಮರೆತರೆ ಏನಾಗುತ್ತದೆ? 1962-65ರ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಲ್ಯಾಟಿನ್ ಜೊತೆಗೆ ಜನರ ಭಾಷೆಗೂ ಒಪ್ಪಿಗೆ ಕೊಟ್ಟಿತು. ಆದರೂ ರಾಜಧಾನಿ ಬೆಂಗಳೂರಿನಲ್ಲೇ ಕನ್ನಡ ಪೂಜೆಗಾಗಿ ಕನ್ನಡ ಕ್ರೈಸ್ತರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅವರು ಯಾರು? ನಮ್ಮವರು! ಧರ್ಮ ನೋಡಿ ಕನ್ನಡಿಗರನ್ನು ಎಣಿಸಬೇಡಿ.

ಕೊನೆಯದಾಗಿ ಒಂದು ಕಹಿ ಮಾತು. ನನ್ನ ಅಚ್ಚುಕೂಟಕ್ಕೆ ಕ್ರಿಸ್‌ಮಸ್ ಕರಪತ್ರ ಅಚ್ಚ ಕನ್ನಡದಲ್ಲಿ ಬರುತ್ತದೆ. ಕನ್ನಡ ಬಾವುಟ ಹಿಡಿದ ಹುಡುಗರ ಮದುವೆ ಪತ್ರಿಕೆ ಇಂಗ್ಲಿಷಿನಲ್ಲಿ! ಜರ್ಮನಿಯವರು ಕಷ್ಟಪಟ್ಟು ಕಲಿತ ಭಾಷೆಯನ್ನು ನೀವು ಸುಮ್ಮನೆ ಕೈಬಿಡುತ್ತೀರಾ? ಬ್ಯಾಂಕಿನವರಿಗೆ, ಕಂಪನಿಯವರಿಗೆ 'ಕನ್ನಡ ಕಲಿಯಿರಿ' ಎನ್ನುವ ಮೊದಲು ನಿಮ್ಮ ಮನೆಯ ಕಾಗದ ಕನ್ನಡದಲ್ಲಿರಲಿ. ಆಮೇಲೆ ಕೇಳಿ, ಗಟ್ಟಿಯಾಗಿಯೇ ಕೇಳಿ!

ಜೈ ಕರ್ನಾಟಕ!