ಬಿಗಿದ ಕಂಠಕ್ಕೆ ಶಸ್ತ್ರಚಿಕಿತ್ಸೆ

(ಗ್ರಾಮಸ್ಥರ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣ)



ಎತ್ತನ್ನು ಹೆಸರು ಹಿಡಿದು ಕೂಗಲು ಹೋದಾಗ ದನಿ ಗಂಟಲಲ್ಲೇ ಸಿಕ್ಕಿಕೊಂಡರೆ ಹೇಗಾದೀತು? ಸಂತೆಯಲ್ಲಿ ಧಾರಣೆ ಹೇಳುವವನ ಮಾತು ತುಂಡು ತುಂಡಾಗಿ ಹೊರಬಿದ್ದರೆ ಕೆಲವರು ನಗುತ್ತಾರೆ. ಕೆಲವರು ‘ಗಾಳಿ ಸೋಕಿದೆ’ ಎನ್ನುತ್ತಾರೆ. ಎರಡೂ ತಪ್ಪು. ಇದೊಂದು ರೋಗ.

ನಮ್ಮ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಅವು ಹತ್ತಿರ ಬಂದು ಉಸಿರಿಗೆ ಅದುರಿದರೆ ದನಿ ಹುಟ್ಟುತ್ತದೆ. ಈ ರೋಗದಲ್ಲಿ ಮಿದುಳಿನಿಂದ ತಪ್ಪು ಅಪ್ಪಣೆ ಬಂದು ತಂತುಗಳು ಹಠಾತ್ತನೆ ಒತ್ತಿಕೊಳ್ಳುತ್ತವೆ. ತೂಬಿನ ಬಾಗಿಲು ತಾನಾಗಿ ಮುಚ್ಚಿ ತೆರೆದರೆ ಕಾಲುವೆಯ ನೀರು ತಡೆದು ತಡೆದು ಹರಿಯುವುದಿಲ್ಲವೇ, ಹಾಗೆ. ನಗುವಾಗಲೂ ಪಿಸುಗುಟ್ಟುವಾಗಲೂ ಅನೇಕರಿಗೆ ತೊಂದರೆ ಇರದು. ಆದ್ದರಿಂದ ನೋಡಿದವರು ‘ನಟನೆ’ ಎಂದು ಹಳಿಯುತ್ತಾರೆ.

1976ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಡಾಕ್ಟರ್ ಹರ್ಬರ್ಟ್ ಡೀಡೊ ಅವರು ಒಂದು ಪಕ್ಕದ ತಂತುವಿನ ನರವನ್ನು ಕತ್ತರಿಸಿ ಬಿಗಿತವನ್ನು ಸಡಿಲಿಸಿದ ಸಂಗತಿಯನ್ನು ಪ್ರಕಟಿಸಿದರು. ರೋಗಿಗಳು ಹಿಗ್ಗಿದರು. ಆದರೆ ಮೂರು ವರ್ಷ ಕಳೆಯುವುದರೊಳಗೆ ಹಲವರಿಗೆ ಬಿಗಿತ ಮರಳಿತು. ಕಡಿದ ಹುಣಸೆಯ ಬುಡ ಚಿಗುರುವಂತೆ ನರವೂ ಚಿಗುರಬಲ್ಲದು.

ಆಮೇಲೆ ಲಾಸ್ ಏಂಜಲೀಸಿನ ಡಾಕ್ಟರ್ ಜೆರಾಲ್ಡ್ ಬರ್ಕ್ ಅವರು 1999ರಲ್ಲಿ ಇನ್ನೊಂದು ವಿಧಾನವನ್ನು ವರದಿ ಮಾಡಿದರು. ತಂತುಗಳನ್ನು ಮುಚ್ಚುವ ಸಣ್ಣ ಕವಲು ನರಗಳನ್ನಷ್ಟೇ ಎರಡೂ ಕಡೆ ಕತ್ತರಿಸಿ, ಕತ್ತಿನ ಬೇರೊಂದು ನರವನ್ನು ಅಲ್ಲಿಗೆ ಜೋಡಿಸುವುದು. ಮಾವಿಗೆ ಕಸಿ ಕಟ್ಟುವ ತಮಗೆ ಇದರ ಮರ್ಮ ಬೇಗ ತಿಳಿದೀತು. ಇದಾದ ಮೇಲೆ ಕೆಲವು ತಿಂಗಳು ದನಿ ಉಸಿರುಸಿರಾಗಿರುತ್ತದೆ. ನೀರು ಕುಡಿದರೆ ಕೆಮ್ಮು ಬರಬಹುದು.

ಜಪಾನಿನ ಕ್ಯೋಟೊ ನಗರದ ಡಾಕ್ಟರ್ ಇಶಿಕಿ ಅವರು ನರವನ್ನು ಮುಟ್ಟಲಿಲ್ಲ. ಧ್ವನಿಪೆಟ್ಟಿಗೆಯ ಮುಂದಿನ ಮೃದ್ವಸ್ಥಿಯನ್ನು ಸೀಳಿ, ಸ್ವಲ್ಪ ಅಗಲಿಸಿ, ಟೈಟಾನಿಯಂ ಲೋಹದ ತುಂಡಿನಿಂದ ಹಾಗೆಯೇ ನಿಲ್ಲಿಸುವ ಕ್ರಮ ಅವರದು. ರೋಗಿ ಎಚ್ಚರವಾಗಿಯೇ ಇರುತ್ತಾನೆ. ತಂಬೂರಿಗೆ ಶ್ರುತಿ ಮಾಡುವಂತೆ, ಅವನನ್ನು ಮಾತನಾಡಿಸುತ್ತ ಅಂತರವನ್ನು ಹೊಂದಿಸುತ್ತಾರೆ.

ಯಾವ ಶಸ್ತ್ರಚಿಕಿತ್ಸೆಯೂ ಮಿದುಳಿನ ದೋಷವನ್ನು ತೆಗೆಯದು; ಗಂಟಲಿನ ಬಿಗಿತವನ್ನು ಮಾತ್ರ ತಗ್ಗಿಸುವುದು. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಮೊದಲು ಬೊಟುಲಿನಂ ಎಂಬ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಧ್ವನಿತಂತುವಿನ ಸ್ನಾಯುವಿಗೆ ಚುಚ್ಚುತ್ತಾರೆ. ನ್ಯೂಯಾರ್ಕಿನಲ್ಲಿ 1984ರಲ್ಲಿ ಆರಂಭವಾದ ಈ ಚಿಕಿತ್ಸೆಯ ಗುಣ ಸುಮಾರು ಮೂರು ತಿಂಗಳು ನಿಲ್ಲುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕು. ಚಿಕಿತ್ಸೆಯ ಲಾಭ ನಷ್ಟ ಎರಡನ್ನೂ ಕೇಳಿ ತಿಳಿದು ಆಮೇಲೆ ಒಪ್ಪಿರಿ.

ಮುಖ್ಯವಾದ ಮಾತು ಇದು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿರಿ. ಬೀಡಿ, ಹೊಗೆಸೊಪ್ಪಿನ ಅಭ್ಯಾಸವಿದ್ದವರು ತಡಮಾಡಲೇ ಕೂಡದು. ಅದು ಗಂಟಲಿನ ಕ್ಯಾನ್ಸರೂ ಆಗಿರಬಹುದು. ಧ್ವನಿಯ ತೊಂದರೆಗಳನ್ನು ಪರೀಕ್ಷಿಸಲು ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಕಂಠಕ್ಕೆ ಬರೆ ಹಾಕಿಸಬೇಡಿರಿ. ತಾಯತಕ್ಕೆ ಹಣ ಸುರಿಯಬೇಡಿರಿ.

ತಮ್ಮ ಊರಿನಲ್ಲಿ ಮಾತು ತಡೆದು ಬರುವವರು ಯಾರಾದರೂ ಇದ್ದರೆ, ಅವರು ಹೇಳಿ ಮುಗಿಸುವ ತನಕ ಕೇಳಿರಿ. ಆಮೇಲೆ ಜೊತೆಗೆ ಹೋಗಿ ಆಸ್ಪತ್ರೆಗೆ ತಲುಪಿಸಿರಿ.