ಪಟ್ಟಿಯಲ್ಲಿ ಹೆಸರಿದ್ದರೆ ಸಾಕೇ?



‘ನಿಮ್ಮ ಲಿನಕ್ಸ್ ಕರ್ನಲ್‌ನಲ್ಲಿ ಎಇಎಸ್ ಗೂಢಲಿಪಿ ಅಲ್ಗಾರಿದಮ್ ಇದೆಯೇ?’ ಎಂದು ಸರ್ವರ್ ನೋಡಿಕೊಳ್ಳುವವರನ್ನು ಕೇಳಿ. ಹೆಚ್ಚಿನವರು /ಪ್ರೊಕ್/ಕ್ರಿಪ್ಟೊ ಕಡತ ತೆರೆಯುತ್ತಾರೆ. ಹೆಸರು ಕಂಡರೆ ಇದೆ, ಕಾಣದಿದ್ದರೆ ಇಲ್ಲ. ಈ ಎರಡು ಉತ್ತರಗಳನ್ನೂ ಅನುಮಾನದಿಂದ ನೋಡಬೇಕು ಎಂಬುದೇ ಈ ಸಂಕಿರಣದ ಆಶಯ.

ಮೊದಲು ‘ಇಲ್ಲ’ ಎಂಬ ಉತ್ತರ. ಆ ಕಡತ ತೋರಿಸುವುದು ಆ ಗಳಿಗೆಯಲ್ಲಿ ನೋಂದಣಿಯಾಗಿರುವ ಅಲ್ಗಾರಿದಮ್‌ಗಳನ್ನು ಮಾತ್ರ. ಮಾಡ್ಯೂಲ್ ರೂಪದಲ್ಲಿ ಡಿಸ್ಕ್‌ನಲ್ಲಿರುವ ಅಲ್ಗಾರಿದಮ್, ಯಾರಾದರೂ ಕೇಳುವ ತನಕ ಅಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಕರ್ನಲ್ ಕಟ್ಟಿದಾಗಿನ ಕಾನ್ಫಿಗ್ ಕಡತವನ್ನೂ ಮಾಡ್ಯೂಲ್‌ಗಳ ಕೋಶವನ್ನೂ ನೋಡಬೇಕು. 2020ರಲ್ಲಿ 5.6ನೇ ಆವೃತ್ತಿಯೊಂದಿಗೆ ಒಳಬಂದ ವಿಪಿಎನ್ ವ್ಯವಸ್ಥೆ ವೈರ್‌ಗಾರ್ಡ್‌ಗಂತೂ ಈ ನೋಂದಣಿಯ ಹಂಗೇ ಇಲ್ಲ. ಚಾಚಾ20-ಪಾಲಿ1305 ಅಲ್ಗಾರಿದಮ್‌ಅನ್ನು ಅದು ಕರ್ನಲ್‌ನ ಲೈಬ್ರರಿಯಿಂದ ನೇರವಾಗಿ ಕರೆಯುತ್ತದೆ.

ಇನ್ನು ‘ಇದೆ’ ಎಂಬ ಉತ್ತರ. ಒಂದೇ ಅಲ್ಗಾರಿದಮ್ ಹಲವು ಡ್ರೈವರ್‌ಗಳ ಹೆಸರಿನಲ್ಲಿ ಇರಬಹುದು. ಹೆಚ್ಚು ಆದ್ಯತಾ ಸಂಖ್ಯೆ ಇರುವ ಡ್ರೈವರ್‌ಗೆ ಕೆಲಸ ಸಿಗುತ್ತದೆ. ಸಿ ಭಾಷೆಯಲ್ಲಿ ಬರೆದ ಸಾಮಾನ್ಯ ಎಇಎಸ್‌ಗೆ ಬಹುಕಾಲ ಇದ್ದದ್ದು 100. ಪ್ರೊಸೆಸರ್‌ನ ಎಇಎಸ್-ಎನ್‌ಐ ಸೌಲಭ್ಯ ಬಳಸುವ ಡ್ರೈವರ್‌ಗೆ 300. ಈ ಎರಡನೆಯದು ಲೋಡ್ ಆಗದಿದ್ದರೂ ಕೆಲಸ ನಿಲ್ಲುವುದಿಲ್ಲ, ದೂರೂ ಬರುವುದಿಲ್ಲ. ವೇಗ ಮಾತ್ರ ಕುಸಿಯುತ್ತದೆ. ವೇಗದ ಪ್ರಶ್ನೆ ಸಣ್ಣದಲ್ಲ: ಎಇಎಸ್ ಸೌಲಭ್ಯವಿಲ್ಲದ ಅಗ್ಗದ ಫೋನ್‌ಗಳಿಗೆಂದೇ ಗೂಗಲ್ ಅಡಿಯಾಂಟಮ್ ಎಂಬ ಗೂಢಲಿಪಿ ವಿಧಾನವನ್ನು ರೂಪಿಸಿತು, ಅದು 2019ರಲ್ಲಿ 5.0ನೇ ಆವೃತ್ತಿಗೆ ಸೇರಿತು.

ಆ ಕಡತದಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಸಾಲು ‘ಸೆಲ್ಫ್‌ಟೆಸ್ಟ್: ಪಾಸ್ಡ್’. ನೋಂದಣಿಯ ವೇಳೆ, ಉತ್ತರ ಮೊದಲೇ ಗೊತ್ತಿರುವ ಮಾದರಿಗಳನ್ನು ಕೊಟ್ಟು ಅಲ್ಗಾರಿದಮ್‌ಅನ್ನು ಪರೀಕ್ಷಿಸುವ ವ್ಯವಸ್ಥೆ ಕರ್ನಲ್‌ನಲ್ಲಿದೆ. ಆದರೆ ಕಾನ್ಫಿಗ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಹುದು. ನಿಷ್ಕ್ರಿಯಗೊಳಿಸಿದಾಗ ಪರೀಕ್ಷೆಯ ಫಂಕ್ಷನ್ ಏನೂ ಮಾಡದೆ ಯಶಸ್ಸಿನ ಸಂಕೇತವನ್ನಷ್ಟೇ ಮರಳಿಸುತ್ತದೆ. ಪಟ್ಟಿಯಲ್ಲಿ ಆಗಲೂ ‘ಪಾಸ್ಡ್’ ಎಂದೇ ಬರುತ್ತದೆ. ಪರೀಕ್ಷೆಗೆ ಕೂರದ ಹುಡುಗನ ಕೈಯಲ್ಲೂ ಅಂಕಪಟ್ಟಿ!

ಹಾಗಾದರೆ ನಂಬುವುದು ಯಾವುದನ್ನು? ಕೆಲಸ ಕೊಟ್ಟು ನೋಡುವುದನ್ನು. 2011ರ 2.6.38ನೇ ಆವೃತ್ತಿಯಿಂದ ಎಎಫ್-ಆಲ್ಗ್ ಸಾಕೆಟ್ ಇದೆ. ಅದನ್ನು ಸಕ್ರಿಯವಾಗಿಟ್ಟಿರುವ ಕರ್ನಲ್‌ನಲ್ಲಿ ಸಾಮಾನ್ಯ ಪ್ರೋಗ್ರಾಮ್ ಕೂಡ ಅಲ್ಗಾರಿದಮ್‌ಅನ್ನು ಹೆಸರಿಟ್ಟು ಕರೆಯಬಹುದು. ಎಇಎಸ್‌ನ ಅಧಿಕೃತ ಮಾನಕ ಫಿಪ್ಸ್ 197ರ ಅನುಬಂಧದಲ್ಲಿ ಬಿಡಿಸಿದ ಉದಾಹರಣೆಗಳಿವೆ. ಅದೇ ಕೀಲಿ, ಅದೇ ಪಠ್ಯ ಕೊಟ್ಟು ಫಲಿತಾಂಶ ತಾಳೆ ನೋಡಿದರೆ ಅನುಮಾನಕ್ಕೆ ಎಡೆ ಕಡಿಮೆ.

ಇನ್ನೊಂದು ಎಚ್ಚರ. ಇರುವುದೆಲ್ಲ ಬಳಸಲು ಯೋಗ್ಯವಲ್ಲ. ಹಳೆಯ ಪ್ರೋಟೊಕಾಲ್‌ಗಳ ಸಲುವಾಗಿ ದುರ್ಬಲವಾದ ಎಂಡಿ5 ಹ್ಯಾಷ್ ಕರ್ನಲ್‌ನಲ್ಲಿ ಇನ್ನೂ ಉಳಿದಿದೆ. ಇನ್ನೊಂದು ಹ್ಯಾಷ್ ಶಾ-1ರ ಬಳಕೆಯನ್ನು 2030ರ ಕೊನೆಯೊಳಗೆ ಬಿಡಬೇಕೆಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹೇಳಿದೆ. ಇನ್ನೊಂದೆಡೆ, ಕ್ವಾಂಟಮ್ ಕಂಪ್ಯೂಟರ್‌ಗೂ ಜಗ್ಗದಂತೆ ರೂಪಿಸಿದ ಮೂರು ಮಾನಕಗಳನ್ನು ಅದೇ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊರತಂದಿದೆ. ಮುಂದಿನ ವರ್ಷಗಳಲ್ಲಿ ‘ನಿಮ್ಮಲ್ಲಿ ಇದೆಯೇ?’ ಎಂಬ ಪ್ರಶ್ನೆ ಹೆಚ್ಚು ಬಾರಿ ಎದುರಾಗಲಿದೆ.

ಆದ್ದರಿಂದ ಪ್ರಬಂಧಕಾರರಲ್ಲಿ ನನ್ನ ಕೋರಿಕೆ ಇಷ್ಟೇ: ‘ಬೆಂಬಲವಿದೆ’ ಎಂದು ಬರೆದ ಕಡೆಯಲ್ಲೆಲ್ಲ ಕರ್ನಲ್ ಆವೃತ್ತಿ, ಕಾನ್ಫಿಗ್, ಆಯ್ಕೆಯಾದ ಡ್ರೈವರ್, ಪರೀಕ್ಷಿಸಿದ ಬಗೆ, ಈ ನಾಲ್ಕನ್ನೂ ನಮೂದಿಸಿ. ಇವನ್ನು ನಮೂದಿಸದ ಪ್ರಬಂಧಗಳನ್ನು ಪ್ರಶ್ನಿಸುವ ಹಕ್ಕು ಸಭೆಗಿರಲಿ.