ಬೆಂಕಿ ಬಿದ್ದ ತೋಟದಲ್ಲಿ ನಾನು ಕಲಿತದ್ದು

(ನಮ್ಮ ಬಳಗದ ರಾಜ್ಯೋತ್ಸವದ ದಿನ ಆಡಿದ ಮಾತು. ವಾರ್ಷಿಕ ಸಂಚಿಕೆಗೆ ಬರೆದುಕೊಡಿ ಅಂದದ್ದಕ್ಕೆ ಸ್ವಲ್ಪ ತಿದ್ದಿ ಕೊಟ್ಟಿದ್ದೇನೆ.)



ನಾನು ಭಾಷಣಗಾರ ಅಲ್ಲ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಮಾಡಿ ವೈರು, ಸ್ವಿಚ್ಚು, ಮೋಟರು ಅಂತ ಬದುಕು ಕಟ್ಟಿಕೊಂಡವನು. ಆದರೆ ಹೋದ ವರ್ಷದ ಪಿಕ್ನಿಕ್‌ನಲ್ಲಿ ಒಬ್ಬರು, "ಊರಾಚೆ ಎರಡು ಎಕರೆ ಜಾಗ ನೋಡ್ತಾ ಇದೀವಿ, ತೋಟ ಮಾಡೋ ಆಸೆ" ಅಂದರು. ನಮ್ಮಲ್ಲಿ ರೀಜನಲ್ ವೀಸಾ ಮೇಲೆ ಸಣ್ಣ ಊರುಗಳಿಗೆ ಬಂದವರು ಬೇಕಾದಷ್ಟು ಜನ ಇದ್ದೀರಿ. ಅದಕ್ಕೇ ಈ ವಿಷಯ ಆರಿಸಿಕೊಂಡೆ. ಕಾಡ್ಗಿಚ್ಚು ಬಂದುಹೋದ ಮೇಲೆ ಒಂದು ತೋಟವನ್ನು ಮತ್ತೆ ಎಬ್ಬಿಸೋದು ಹೇಗೆ ಅಂತ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ.

ನಮ್ಮದು ಗುಂಡ್ಲುಪೇಟೆ ಕಡೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ನಾನು ಊರಲ್ಲೇ ಇದ್ದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಹೊಗೆ ಏಳೋದನ್ನ ನಮ್ಮ ಅಪ್ಪನ ಜೊತೆ ಹೊಲದಲ್ಲಿ ನಿಂತು ನೋಡಿದ್ದೆ. ಅದೇ ವರ್ಷ 482 ವೀಸಾ ಮೇಲೆ ಆಸ್ಟ್ರೇಲಿಯಾಕ್ಕೆ ಬಂದೆ. ಸಿಡ್ನಿಯಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರ್, ಬೆಗಾ ಕಣಿವೆ ಕಡೆ ಕೆಲಸ. ಆಗಿನ್ನೂ ನನ್ನ ಸ್ವಂತ ಲೈಸೆನ್ಸ್ ಬಂದಿರಲಿಲ್ಲ. ಲೈಸೆನ್ಸ್ ಇದ್ದವರ ಕೈಕೆಳಗೆ ದುಡೀತಿದ್ದೆ.

2019ರ ಡಿಸೆಂಬರ್ 31ರ ಬೆಳಗಿನ ಜಾವ ಕೊಬಾರ್ಗೊ ಊರಿಗೆ ಬೆಂಕಿ ನುಗ್ಗಿತು. ಮುಖ್ಯ ರಸ್ತೆಯ ಅಂಗಡಿಗಳೇ ಸುಟ್ಟುಹೋದವು. ಆ ಬೇಸಿಗೆಯನ್ನ ಇಲ್ಲಿನವರು ಬ್ಲ್ಯಾಕ್ ಸಮ್ಮರ್ ಅಂತಾರೆ. ದೇಶದಲ್ಲಿ 33 ಜನ ತೀರಿಹೋದರು, 3,000ಕ್ಕೂ ಹೆಚ್ಚು ಮನೆ ಹೋದವು. ಬೆಳಗ್ಗೆ ಒಂಬತ್ತು ಗಂಟೆಗೆ ಆಕಾಶ ರಾತ್ರಿ ಹಾಗೆ ಕಪ್ಪಗಿತ್ತು. ಹೊಸ ವರ್ಷಕ್ಕೆ ಅಂತ ಫೋನ್ ಮಾಡಿದ ಅಪ್ಪನಿಗೆ "ಇಲ್ಲೆಲ್ಲ ಚೆನ್ನಾಗಿದೆ" ಅಂತ ಸುಳ್ಳು ಹೇಳಿದೆ. ನೀವೂ ಇಂಥ ಸುಳ್ಳು ಹೇಳಿರ್ತೀರಿ.

ಫೆಬ್ರವರಿಯಲ್ಲಿ ನಮ್ಮ ಬಾಸ್ ನನ್ನನ್ನ ಒಂದು ಮನೆಗೆ ಕರಕೊಂಡು ಹೋದರು. ಊರಾಚೆ, ಮಣ್ಣು ರಸ್ತೆ ಕೊನೆಯಲ್ಲಿ. ಎಪ್ಪತ್ತು ದಾಟಿದ ಅಜ್ಜಿ ಒಬ್ಬರೇ ಇದ್ದರು, ಯಜಮಾನರು ತೀರಿಕೊಂಡು ಕೆಲವು ವರ್ಷ ಆಗಿತ್ತು. ಗಾಳಿ ತಿರುಗಿದ್ದರಿಂದ ಮನೆ ಉಳಿದಿತ್ತು. ತೋಟ ಮಾತ್ರ ಪೂರ್ತಿ ಹೋಗಿತ್ತು. ಗುಲಾಬಿ, ಕ್ಯಾಮೆಲಿಯಾ, ಸೇಬು, ಪ್ಲಮ್, ನಿಂಬೆ, ತರಕಾರಿ ಮಡಿ, ಪಂಪಿನ ಶೆಡ್ಡು, ಬೇಲಿ, ಪ್ಲಾಸ್ಟಿಕ್ ನೀರಿನ ಟ್ಯಾಂಕು, ಎಲ್ಲ. ಟ್ಯಾಂಕು ಕರಗಿ ದೋಸೆ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಮನೆಗೆ ಕರೆಂಟು ತರುತ್ತಿದ್ದ ಮರದ ಕಂಬಗಳು ಬುಡದಲ್ಲೇ ಸುಟ್ಟು ಬಿದ್ದಿದ್ದವು. ಜಾಗದ ಒಳಗಿನ ಕಂಬ ಸಾಮಾನ್ಯವಾಗಿ ಮಾಲೀಕರ ಜವಾಬ್ದಾರಿ. ಜಾಗ ಕೊಳ್ಳುವಾಗ ಇದನ್ನ ಕೇಳಿ ತಿಳಿದುಕೊಳ್ಳಿ.

ಅಜ್ಜಿ ನನಗೆ ಮೊದಲ ದಿನವೇ ಹೇಳಿದರು: "ಕರೆಂಟು ಬಂದರೆ ಮಾರಿಬಿಡ್ತೀನಿ. ಕ್ಯಾನ್‌ಬೆರಾದಲ್ಲಿ ಮಗಳಿದ್ದಾಳೆ. ಈ ಮಸಿ ನೋಡಿಕೊಂಡು ಇರಕ್ಕಾಗಲ್ಲ."

ಈಗ ನನ್ನ ತಪ್ಪಿಗೆ ಬರ್ತೀನಿ. ಗೇಟಿನ ಹತ್ತಿರ ಮೂರು ದೊಡ್ಡ ನೀಲಗಿರಿ ಜಾತಿಯ ಮರ ಇದ್ದವು. ತುದಿವರೆಗೆ ಇದ್ದಿಲು. ಒಂದು ಎಲೆ ಇಲ್ಲ. ಹೊಸ ಲೈನು ಅದರ ಪಕ್ಕದಲ್ಲೇ ಎಳೆಯಬೇಕಿತ್ತು. ಅಜ್ಜಿ ಕೇಳಿದರು, "ಇವು ಸತ್ತಿವೆಯಾ?" ಬಾಸ್, "ಮರ ನೋಡುವವರನ್ನ ಕರೆಸಿ" ಅಂದಿದ್ದರು. ನಾನು ಬಾಸ್ ಇಲ್ಲದಾಗ ದೊಡ್ಡ ಜಾಣನ ಹಾಗೆ, "ಸತ್ತಿವೆ, ಲೈನ್ ಮೇಲೆ ಬಿದ್ದಾವು, ಕಡಿಸಿಬಿಡಿ" ಅಂದೆ. ಪಕ್ಕದ ತೋಟದವರು ಚೈನ್‌ಸಾ ತಂದು ಎರಡು ಮರ ಉರುಳಿಸಿದರು. ಕತ್ತಲಾಯ್ತು ಅಂತ ಮೂರನೆಯದು ಉಳೀತು.

ಏಪ್ರಿಲ್‌ನಲ್ಲಿ ಮತ್ತೆ ಹೋದೆ. ಉಳಿದಿದ್ದ ಆ ಮರದ ಮೈತುಂಬ ಚಿಗುರು! ಕೊಂಬೆಯಲ್ಲಲ್ಲ, ಕಾಂಡದಲ್ಲೇ, ಕರಿ ತೊಗಟೆ ಸೀಳಿಕೊಂಡು ಬುಡದಿಂದ ತುದಿವರೆಗೆ ಕೆಂಪು-ಹಸಿರು ಎಲೆ. ಈ ಜಾತಿಯ ಎಷ್ಟೋ ಮರಗಳಿಗೆ ದಪ್ಪ ತೊಗಟೆ ಕೆಳಗೆ ಮಲಗಿದ ಮೊಗ್ಗುಗಳಿರ್ತವೆ. ಮೇಲಿನ ಎಲೆ ಸುಟ್ಟಾಗ ಅವು ಏಳ್ತವೆ. ಎಷ್ಟೋ ಜಾತಿಗೆ ಮಣ್ಣಿನೊಳಗೆ ಬುಡದಲ್ಲಿ ಗಡ್ಡೆ ಬೇರೆ ಇರತ್ತೆ, ಅಲ್ಲಿಂದಲೂ ಚಿಗುರ್ತವೆ. ನಮ್ಮೂರ ಸುತ್ತ ಹೊಲದ ಬದುವಿನಲ್ಲಿ ನೀಲಗಿರಿ ಬೆಳೆಸಿದ ರೈತರೆಲ್ಲರಿಗೂ ಗೊತ್ತು, ಕಡಿದಷ್ಟೂ ಅದು ಚಿಗುರತ್ತೆ ಅಂತ. ನನಗೂ ಗೊತ್ತಿತ್ತು. ಆದರೂ ಕಪ್ಪು ಬಣ್ಣ ನೋಡಿ ಸತ್ತಿದೆ ಅಂದುಬಿಟ್ಟೆ.

ಅಷ್ಟೇ ಅಲ್ಲ. ಆಮೇಲೆ ಬಾಸ್ ಲೈನನ್ನ ನೆಲದೊಳಗೇ ಹಾಕೋಣ ಅಂತ ತೀರ್ಮಾನ ಮಾಡಿದರು. ಅಂದರೆ ಆ ಮರ ಕಡಿಯೋ ಅಗತ್ಯವೇ ಇರಲಿಲ್ಲ. ಅವು ಮೂರನ್ನೂ ಅಜ್ಜಿ ಮತ್ತು ಅವರ ಯಜಮಾನರು ಜಾಗ ಕೊಂಡ ವರ್ಷ ನೆಟ್ಟದ್ದು ಅಂತ ನನಗೆ ಗೊತ್ತಾದದ್ದೂ ಆಗಲೇ. ಅವರು ಬೈಯಲಿಲ್ಲ. "ನೀನು ಹೇಳಿದೆ, ನಾನೂ ಒಪ್ಪಿದೆ" ಅಂದರು, ಒಳಗೆ ಹೋಗಿ ಟೀ ತಂದುಕೊಟ್ಟರು. ಬೈದಿದ್ದರೆ ವಾಸಿ ಇತ್ತು.

ಅವತ್ತಿನಿಂದ ಭಾನುವಾರ ಭಾನುವಾರ ಅಲ್ಲಿಗೆ ಹೋಗಕ್ಕೆ ಶುರು ಮಾಡಿದೆ. ದುಡ್ಡಿಗಲ್ಲ. 482ರಲ್ಲಿ ಬೇರೆಯವರ ಹತ್ತಿರ ಸಂಬಳಕ್ಕೆ ದುಡಿಯೋ ಹಾಗೂ ಇಲ್ಲ. ಆ ತೋಟದಲ್ಲಿ ಕಲಿತದ್ದನ್ನ ನಿಮಗೆ ಉಪಯೋಗ ಆಗಲಿ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲನೆಯದು, ಬೂದಿ. ನಮ್ಮಲ್ಲಿ ಬೂದಿ ಅಂದರೆ ಗೊಬ್ಬರ, ತಿಪ್ಪೆಗೆ ಹಾಕ್ತೀವಿ. ಇಲ್ಲಿನ ಬೇಲಿ ಕಂಬ, ಹಳೇ ಡೆಕ್ಕು, ಮಡಿಯ ಅಂಚಿನ ಹಲಗೆ ಇವಕ್ಕೆ ಗೆದ್ದಲು ಹಿಡಿಯದ ಹಾಗೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿರಬಹುದು. ಅದು ಸುಟ್ಟರೆ ಬೂದಿಯಲ್ಲಿ ಆರ್ಸೆನಿಕ್ ವಿಷ ಉಳಿಯತ್ತೆ. ಹಳೇ ಶೆಡ್ಡಿನ ಶೀಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನ ಮುಟ್ಟಬೇಡಿ, ಲೈಸೆನ್ಸ್ ಇದ್ದವರನ್ನ ಕರೆಸಿ. ಬೂದಿ ಹತ್ತಿರ ಹೋಗೋ ಮೊದಲು ಪಿ2 ಮಾಸ್ಕು, ಗ್ಲೌಸು ಹಾಕಿ, ನೀರು ಚಿಮುಕಿಸಿ. ಆ ಬೂದಿ ಬಿದ್ದ ಮಡಿಯಲ್ಲಿ ತರಕಾರಿ ಬೆಳೀಬೇಡಿ. ನಾವು ಬೇರೆ ಕಡೆ ತಗಡಿನ ಮಡಿ ಮಾಡಿ ಹೊಸ ಮಣ್ಣು ತುಂಬಿದೆವು. ಮಳೆ ನೀರು ಹಿಡಿಯೋ ಟ್ಯಾಂಕಿದ್ದರೆ, ಮೊದಲ ಮಳೆ ಬರೋ ಮುಂಚೆ ಮಾಡಿನಿಂದ ಬರೋ ಪೈಪು ಬಿಚ್ಚಿಡಿ.

ಎರಡನೆಯದು, ಮಣ್ಣು. ಫೆಬ್ರವರಿಯಲ್ಲಿ ಜೋರು ಮಳೆ ಬಂತು. ನಾನು "ಒಳ್ಳೇದಾಯ್ತು" ಅಂದುಕೊಂಡೆ. ಆದರೆ ನೀರು ಒಳಗೆ ಇಳಿಯಲೇ ಇಲ್ಲ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಜಾರಿಹೋಯ್ತು. ಜೋರು ಬೆಂಕಿಯಲ್ಲಿ ತರಗೆಲೆಯ ಮೇಣದಂಥ ಅಂಶ ಆವಿಯಾಗಿ ಮಣ್ಣಿನೊಳಗೆ ಇಳಿದು ಪದರ ಕಟ್ಟತ್ತಂತೆ. ಅದು ನೀರನ್ನ ಒಳಗೆ ಬಿಡಲ್ಲ. ಅದಕ್ಕೆ ಇಳಿಜಾರಿಗೆ ಅಡ್ಡಲಾಗಿ ಬಿದ್ದ ದಿಮ್ಮಿ, ಹುಲ್ಲಿನ ಪಿಂಡಿ ಇಟ್ಟು ಬದು ಮಾಡಿದೆವು. ಮೇಲಿನ ಮಣ್ಣನ್ನ ಪಿಕ್ಕಾಸಿನಲ್ಲಿ ಹಗುರವಾಗಿ ಕೆದಕಿ, ಕೊಳೆತ ಗೊಬ್ಬರ ಹಾಕಿ ಒಣಹುಲ್ಲು ಮುಚ್ಚಿದೆವು. ನಮ್ಮ ಅಪ್ಪ ಹೊಲಕ್ಕೆ ಬದು ಹಾಕೋದನ್ನ ನೋಡಿದ್ದಕ್ಕೆ ಇದು ಮಾತ್ರ ನನಗೆ ಸುಲಭ ಆಯ್ತು.

ಮೂರನೆಯದು, ಕಾಯೋದು. ಗಿಡ ಸತ್ತಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಉಗುರಿನಲ್ಲಿ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ದೊಡ್ಡ ಮರಕ್ಕೆ ಇದೂ ಸಾಲದು, ವಸಂತ ಒಂದು ಕಳೆಯೋವರೆಗೂ ಬಿಡಿ. ಆದರೆ ಮನೆ ಮೇಲೆ, ದಾರಿ ಮೇಲೆ ಬಾಗಿರೋ ಮರಕ್ಕೆ ಕಾಯಬೇಡಿ. ತಿಳಿದವರನ್ನ ಕರೆಸಿ ಅವತ್ತೇ ತೋರಿಸಿ. ಬೇರು ಒಳಗೊಳಗೇ ಉರಿದು ನೆಲ ಟೊಳ್ಳಾಗಿರತ್ತೆ, ಕಾಲಿಡುವಾಗಲೂ ಎಚ್ಚರ.

ಕಸಿ ಗಿಡದ್ದು ಬೇರೆ ಕಥೆ. ಅಜ್ಜಿಯ ನಿಂಬೆ ಗಿಡ ಬುಡದಲ್ಲಿ ಚಿಗುರಿತು ಅಂತ ಇಬ್ಬರೂ ಖುಷಿಪಟ್ಟೆವು. ನೋಡಿದರೆ ಎಲೆ ಮೂರು ಮೂರು, ಉದ್ದುದ್ದ ಮುಳ್ಳು. ಕಸಿ ಕಟ್ಟಿದ ಭಾಗ ಸತ್ತು, ಕೆಳಗಿನ ಕಾಡು ಬೇರು ಚಿಗುರಿತ್ತು! ಗುಲಾಬಿಗಳಲ್ಲೂ ಅರ್ಧ ಹಾಗೇ. ಕಸಿ ಗಂಟಿನ ಮೇಲೆ ಚಿಗುರಿದ್ದನ್ನ ಉಳಿಸಿಕೊಂಡು ಮಿಕ್ಕಿದ್ದನ್ನ ಕಿತ್ತೆವು.

ನಾಲ್ಕನೆಯದು, ಮತ್ತೆ ನೆಡೋದು. ಇನ್ನೊಂದು ಬೆಂಕಿ ಬಂದೇ ಬರತ್ತೆ ಅಂತ ಇಟ್ಟುಕೊಂಡೇ ನೆಡಬೇಕು. ಮನೆ ಸುಡೋದು ಹೆಚ್ಚಾಗಿ ದೊಡ್ಡ ಜ್ವಾಲೆಯಿಂದಲ್ಲ, ಗಾಳಿಯಲ್ಲಿ ಹಾರಿಬರೋ ಕೆಂಡದಿಂದ. ಅದಕ್ಕೆ ಗೋಡೆ ಪಕ್ಕ ಗಿಡ ಬೇಡ, ಮರದ ಚೂರಿನ ಮಲ್ಚ್ ಬೇಡ. ಅಲ್ಲಿ ಜಲ್ಲಿ ಹಾಕಿದೆವು. ಅದರಾಚೆ ಗಿಡ್ಡ, ರಸಭರಿತ ಎಲೆಯ ಗಿಡ. ದೊಡ್ಡ ಮರದ ಕೊಂಬೆ ಮನೆ ಮೇಲೆ ಬರಬಾರದು, ಗಟರಿನಲ್ಲಿ ಎಲೆ ನಿಲ್ಲಬಾರದು. ಪೈನ್ ಜಾತಿಯ ಬೇಲಿಗಿಡ ಅಜ್ಜಿಗೆ ಇಷ್ಟ ಇತ್ತು, ಆದರೆ ಬೆಂಕಿ ಬಂದ ದಿನ ಅದು ಪಟಾಕಿ ಹಾಗೆ ಸಿಡಿದಿತ್ತಂತೆ. ಮತ್ತೆ ಹಾಕಲಿಲ್ಲ.

ಐದನೆಯದು ನನ್ನ ಕಸುಬು. ಹಳೇ ಕೇಬಲ್ ಹೊರಗಿಂದ ಚೆನ್ನಾಗಿ ಕಂಡರೂ ನಂಬಬೇಡಿ. ನೆಲದಿಂದ ಮೇಲೆ ಏಳೋ ಜಾಗದಲ್ಲಿ ಶಾಖಕ್ಕೆ ಒಳಗಿನ ಪ್ಲಾಸ್ಟಿಕ್ ಹಾಳಾಗಿರತ್ತೆ. ಮೆಗ್ಗರ್ ಹಾಕಿ ನೋಡಿದರೇ ಗೊತ್ತಾಗೋದು. ಗಿಡ ನೆಡಲು ಗುಂಡಿ ತೋಡುವಾಗ ಕಿತ್ತಳೆ ಬಣ್ಣದ ಪೈಪು ಕಂಡರೆ ಗುದ್ದಲಿ ಕೆಳಗಿಡಿ, ಅದರೊಳಗೆ ಕರೆಂಟಿದೆ. ಇನ್ನೊಂದು ಮುಖ್ಯ ಮಾತು: ಬೆಂಕಿ ಬಂದಾಗ ಮೊದಲು ಹೋಗೋದು ಕರೆಂಟು. ಕರೆಂಟಿನ ಪಂಪ್ ನಂಬಿಕೊಂಡು ಕೂತರೆ ಪೈಪಿನಲ್ಲಿ ಹನಿ ನೀರು ಬರಲ್ಲ. ಅಜ್ಜಿಗೆ ಆದದ್ದೂ ಅದೇ. ಈಗ ಅಲ್ಲಿ ತಗಡಿನ ಟ್ಯಾಂಕು, ಡೀಸೆಲ್ ಪಂಪು, ನೆಲದೊಳಗೆ ಹೂತ ಪೈಪು, ಹಿತ್ತಾಳೆ ನಲ್ಲಿ ಇವೆ. ಮತ್ತೆ ಮನೆಯ ವೈರಿಂಗನ್ನ ನೀವೇ ಮಾಡಬೇಡಿ, ಐಟಿಐ ಸರ್ಟಿಫಿಕೇಟ್ ಇದ್ದರೂ ಸರಿ. ಇಲ್ಲಿನ ಲೈಸೆನ್ಸ್ ಇಲ್ಲದೆ ಮುಟ್ಟಿದರೆ ಅಪರಾಧ.

ಒಂದು ದಿನ ಅಜ್ಜಿ ಹೇಳ್ತಿದ್ದರು. ಈ ಸೀಮೆಯ ಮೂಲನಿವಾಸಿಗಳಾದ ಯುಯಿನ್ ಜನ ತಂಪು ಕಾಲದಲ್ಲಿ ಸಣ್ಣ ಸಣ್ಣ ಬೆಂಕಿ ಹಾಕಿ ನೆಲದ ಕಸ ಸುಟ್ಟು ಕಾಡು ಕಾಯುತ್ತಿದ್ದರಂತೆ. ನಾನು ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿಯ ವಿಷಯ ಹೇಳಿದೆ. ಅಭಯಾರಣ್ಯ ಆದ ಮೇಲೆ ಅದು ನಿಂತಿತು, ಲಂಟಾನ ಹಬ್ಬಿತು ಅಂತ ಸೋಲಿಗ ಹಿರಿಯರು ಇವತ್ತೂ ಹೇಳ್ತಾರೆ. ಅಜ್ಜಿ ಅದನ್ನ ಕೇಳಿ ಒಂದು ಗಂಟೆ ಪ್ರಶ್ನೆ ಕೇಳಿದರು. ಈ ದೇಶದಲ್ಲಿ ನಮ್ಮೂರಿನ ವಿಷಯವನ್ನ ಯಾರಾದರೂ ಅಷ್ಟು ಹೊತ್ತು ಕೇಳಿಸಿಕೊಂಡದ್ದು ನನಗೆ ಅದೇ ಮೊದಲು.

2021ರ ಮೇನಲ್ಲಿ ನಮ್ಮ ಅಪ್ಪ ಕೊರೊನಾದಲ್ಲಿ ಹೋದರು. ಇಲ್ಲಿ ಗಡಿ ಮುಚ್ಚಿತ್ತು. ಹೋದರೆ ವಾಪಸ್ ಬರೋ ದಾರಿ ಇಲ್ಲ, ತಂಗಿ ಮದುವೆ ಸಾಲ ಇನ್ನೂ ತೀರಿರಲಿಲ್ಲ. ಮಣ್ಣು ಮಾಡಿದ್ದನ್ನ ಫೋನಿನಲ್ಲಿ ನೋಡಿದೆ, ಅದೂ ನಡುನಡುವೆ ನಿಂತು ನಿಂತು. ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಅದು ಗೊತ್ತು, ನಾನು ವಿವರಿಸಲ್ಲ. ಆ ಭಾನುವಾರವೂ ತೋಟಕ್ಕೆ ಹೋದೆ, ಬೇರೆ ಎಲ್ಲಿಗೆ ಹೋಗೋದು? ಅಜ್ಜಿ ಸಮಾಧಾನದ ಮಾತು ಆಡಲಿಲ್ಲ. "ನಿಮ್ಮ ತಂದೆ ಏನು ಬೆಳೀತಿದ್ದರು?" ಅಂದರು. "ಅವರೆ" ಅಂದೆ.

ಊರಿಂದ ಬೀಜ ತರಿಸೋ ಯೋಚನೆ ಮಾಡಬೇಡಿ, ದಂಡ ಬೀಳತ್ತೆ, ಇಲ್ಲಿನ ಮಣ್ಣಿಗೆ ರೋಗವೂ ಬರಬಹುದು. ಆದರೆ ನಮ್ಮ ಅವರೆಯ ಜಾತಿಯನ್ನೇ ಇಲ್ಲಿ ಲ್ಯಾಬ್‌ಲ್ಯಾಬ್ ಅಂತ ದನದ ಮೇವಿಗೆ ಬೆಳೀತಾರೆ. ಬೀಜದಂಗಡಿಯಲ್ಲಿ ಚೀಲದಲ್ಲೇ ಸಿಗತ್ತೆ. ಚಳಿ ಕಳೆದ ಮೇಲೆ ಸುಟ್ಟ ನೆಲದಲ್ಲಿ ಬಿತ್ತಿದೆವು. ಅವರೆ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡತ್ತೆ, ನೆರಳು ಮಾಡಿ ತೇವ ಉಳಿಸತ್ತೆ. ಬಳ್ಳಿಯನ್ನ ಹೂವಿಗೆ ಬಂದಾಗಲೇ ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಬೇಕಿತ್ತು. ಅಂಚಿನಲ್ಲಿ ಒಂದು ಸಾಲು ಮಾತ್ರ ಹಾಗೇ ಬಿಟ್ಟೆ, ಸೊಗಡಿನ ವಾಸನೆಗೆ.

ಅಜ್ಜಿ ಹೋದ ವರ್ಷ ಜಾಗ ಮಾರಿ ಮಗಳ ಹತ್ತಿರ ಹೋದರು. ಮಂಡಿ ನೋವು, ಒಬ್ಬರೇ ಇರೋ ವಯಸ್ಸಲ್ಲ. ಆದರೆ ಸುಟ್ಟ ಜಾಗ ಅಂತ ಮಾರಲಿಲ್ಲ, ತೋಟ ಅಂತ ಮಾರಿದರು. ಹೊಸಬರಿಗೆ ಸ್ವಿಚ್ ಬೋರ್ಡು ತೋರಿಸಲು ನನ್ನನ್ನೇ ಕರೆಸಿದ್ದರು. ನನ್ನ ಸ್ವಂತ ಲೈಸೆನ್ಸಿನಲ್ಲಿ ಹೋಗಿದ್ದೆ. ಗೇಟಿನ ಹತ್ತಿರ ಕಡಿಸಿದ್ದ ಎರಡು ಬುಡಗಳಲ್ಲೂ ಚಿಗುರು ಎದ್ದು ನನಗಿಂತ ಎತ್ತರ ಬೆಳೆದಿದೆ. ಒಂದೊಂದು ಬುಡಕ್ಕೆ ಗಟ್ಟಿಯಾದ ಒಂದೊಂದು ಕವಲು ಉಳಿಸಿ ಮಿಕ್ಕಿದ್ದನ್ನ ಸವರಿ ಬಂದೆ. ಮರ ಆಗಕ್ಕೆ ಇನ್ನೂ ಬಹಳ ವರ್ಷ ಬೇಕು.

ಅದಕ್ಕೆ ಅಣ್ಣಂದಿರಾ, ಜಾಗ ತಗೊಳ್ಳಿ, ತೋಟ ಮಾಡಿ. ಫೋನಿನಲ್ಲಿ ಹಜಾರ್ಡ್ಸ್ ನಿಯರ್ ಮಿ ಆಪ್ ಹಾಕಿಕೊಳ್ಳಿ. ಹೊರಡಿ ಅಂದಾಗ ತೋಟದ ಮುಖ ನೋಡದೆ ಹೊರಡಿ. ಗಿಡ ಚಿಗುರತ್ತೆ, ನಾವು ಚಿಗುರಲ್ಲ. ಮತ್ತೆ ಯಾರಾದರೂ "ಇದು ಸತ್ತಿದೆಯಾ?" ಅಂತ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

 ಊಟ ತಣ್ಣಗಾಗ್ತಾ ಇದೆ.